ಪ್ರತಿದ್ರವ್ಯವೂ ಕೆಳಕ್ಕೇ ಬೀಳುತ್ತದೆಯೇ?

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ವಿಜ್ಞಾನ ಓದುವ ಮಕ್ಕಳನ್ನು ಒಂದು ಮಾತು ಕೇಳುತ್ತೇನೆ. ಸರಳ ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷ 9.8 ಬರಲೇಬೇಕೆಂದು ಅಂಕಿಗಳನ್ನು ತಿದ್ದಿದವರು ನಿಮ್ಮಲ್ಲಿ ಎಷ್ಟು ಮಂದಿ? ನಾಚಬೇಡಿ. ನಾನೂ ತಿದ್ದಿದ್ದೇನೆ. ಉತ್ತರ ಪುಸ್ತಕದಲ್ಲೇ ಇದೆ, ಮತ್ತೆ ಅಳೆಯುವುದೇಕೆ ಎಂಬ ಉಡಾಫೆ ಅದು. ಉತ್ತರ ಗೊತ್ತಿದೆ ಎಂದುಕೊಂಡಿದ್ದರೂ ದಶಕಗಳ ಕಾಲ ದುಡಿದು ಅಳೆದವರ ಕಥೆಯನ್ನು ಇಂದು ಹೇಳುತ್ತೇನೆ.

1928ರಲ್ಲಿ ಪಾಲ್ ಡಿರಾಕ್ ಬರೆದ ಸಮೀಕರಣವೊಂದು ಎಲೆಕ್ಟ್ರಾನಿಗೆ ವಿರುದ್ಧ ಆವೇಶದ ಜೋಡಿಯೊಂದು ಇರಬೇಕೆಂಬ ವಿಚಾರಕ್ಕೆ ದಾರಿ ಮಾಡಿತು. 1932ರಲ್ಲಿ ಕಾರ್ಲ್ ಆಂಡರ್ಸನ್ ಅದನ್ನು ಕಂಡುಹಿಡಿದರು. ಅದೇ ಪಾಸಿಟ್ರಾನ್. 1955ರಲ್ಲಿ ಪ್ರತಿಪ್ರೋಟಾನ್ ಸಿಕ್ಕಿತು. ಇಂತಹ ಕಣಗಳಿಂದಾದುದೇ ಪ್ರತಿದ್ರವ್ಯ. ದ್ರವ್ಯ ಮತ್ತು ಪ್ರತಿದ್ರವ್ಯ ಸೋಕಿದರೆ ಎರಡೂ ನಾಶವಾಗಿ ಶಕ್ತಿ ಹೊಮ್ಮುತ್ತದೆ. ಆದಿಯಲ್ಲಿ ಇವೆರಡೂ ಸಮನಾಗಿ ಹುಟ್ಟಿರಬೇಕು ಎನ್ನುತ್ತದೆ ಸಿದ್ಧಾಂತ. ಹಾಗಾದರೆ ಪ್ರತಿದ್ರವ್ಯ ಎಲ್ಲಿ ಹೋಯಿತು? ಇದಕ್ಕೆ ಇನ್ನೂ ಪೂರ್ಣ ಉತ್ತರವಿಲ್ಲ. ಭೂಮಿ ಅದನ್ನು ಸೆಳೆಯುತ್ತದೆಯೋ, ಮೇಲಕ್ಕೆ ತಳ್ಳುತ್ತದೆಯೋ ಎಂಬ ಅನುಮಾನವೂ ಕೆಲವರಲ್ಲಿತ್ತು. ಎಲ್ಲ ವಸ್ತುಗಳೂ ಒಂದೇ ರೀತಿ ಬೀಳಬೇಕೆಂದು ಐನ್‌ಸ್ಟೀನರ ಸಿದ್ಧಾಂತ ಹೇಳುತ್ತದೆ. ಆದರೆ ಪ್ರತಿದ್ರವ್ಯವನ್ನು ಬೀಳಿಸಿ ನೋಡಿದವರು ಯಾರೂ ಇರಲಿಲ್ಲ.

ನೋಡುವುದು ಸುಲಭವೂ ಅಲ್ಲ. ವಿದ್ಯುತ್ ಬಲದ ಮುಂದೆ ಗುರುತ್ವ ಬಲ ಬಹಳ ದುರ್ಬಲ. ಆವೇಶವಿರುವ ಕಣವನ್ನು ಬಿಟ್ಟರೆ ಅಲ್ಪಸ್ವಲ್ಪ ವಿದ್ಯುತ್ ಕ್ಷೇತ್ರವೇ ಅದನ್ನು ಎಳೆದೊಯ್ಯುತ್ತದೆ. ಆದ್ದರಿಂದ ಆವೇಶವಿಲ್ಲದ ಪರಮಾಣು ಬೇಕು. ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಆಲ್ಫಾ ಎಂಬ ತಂಡ ಪ್ರತಿಪ್ರೋಟಾನ್ ಮತ್ತು ಪಾಸಿಟ್ರಾನ್‌ಗಳನ್ನು ಕೂಡಿಸಿ ಪ್ರತಿಹೈಡ್ರೋಜನ್ ಮಾಡುತ್ತದೆ. ಯಾವ ಪಾತ್ರೆಯ ಗೋಡೆಗೂ ಅದು ತಾಗಬಾರದು. ಹಾಗಾಗಿ ನಿರ್ವಾತದಲ್ಲಿ, ಕಾಂತಕ್ಷೇತ್ರದ ಬಲೆಯಲ್ಲಿ ಹಿಡಿದಿಡುತ್ತಾರೆ. 2010ರಲ್ಲಿ ಹೀಗೆ ಸಿಕ್ಕಿದ್ದು 38 ಪರಮಾಣುಗಳು ಮಾತ್ರ!

ಮುಂದೆ ಅವರು ನೆಟ್ಟಗೆ ನಿಲ್ಲಿಸಿದ ಬಲೆಯೊಂದನ್ನು ಕಟ್ಟಿದರು. ಸುಮಾರು 100 ಪರಮಾಣುಗಳನ್ನು ಒಳಗಿಟ್ಟು, ಮೇಲಿನ ಮತ್ತು ಕೆಳಗಿನ ಕಾಂತಗಳ ಬಲವನ್ನು 20 ಸೆಕೆಂಡುಗಳಲ್ಲಿ ಮೆಲ್ಲಗೆ ತಗ್ಗಿಸಿದರು. ಹೊರಬಂದ ಪರಮಾಣು ಗೋಡೆಗೆ ತಾಗಿ ನಾಶವಾದ ಜಾಗವನ್ನು ಉಪಕರಣಗಳು ಗುರುತಿಸಿದವು. ಸಾಮಾನ್ಯ ಹೈಡ್ರೋಜನ್ ಆಗಿದ್ದರೆ ಸುಮಾರು ಶೇ. 80 ಕೆಳಗಿನಿಂದ ಹೊರಬರಬೇಕು ಎಂದು ಲೆಕ್ಕ ಹೇಳುತ್ತಿತ್ತು. ಹೆಚ್ಚುಕಡಿಮೆ ಹಾಗೆಯೇ ಆಯಿತು. 2023ರ ಸೆಪ್ಟೆಂಬರ್‌ನಲ್ಲಿ 'ನೇಚರ್' ಪತ್ರಿಕೆ ಈ ಫಲಿತಾಂಶವನ್ನು ಪ್ರಕಟಿಸಿತು. ಪ್ರತಿದ್ರವ್ಯವೂ ಕೆಳಕ್ಕೇ ಬೀಳುತ್ತದೆ.

ಮಿತ್ರರೇ, ಈಗ ಮುಖ್ಯ ಮಾತಿಗೆ ಬರುತ್ತೇನೆ. ಅವರಿಗೆ ಸಿಕ್ಕ ವೇಗೋತ್ಕರ್ಷ ಸಾಮಾನ್ಯ ದ್ರವ್ಯದ 0.75 ಪಾಲು. ಎಲ್ಲರೂ ನಿರೀಕ್ಷಿಸಿದ್ದು 1. ಅವರು ಅಂಕಿ ತಿದ್ದಲಿಲ್ಲ. 0.75 ಎಂದೇ ಬರೆದರು. ಅಳತೆಯಿಂದ 0.13, ಲೆಕ್ಕಾಚಾರದ ಮಾದರಿಯಿಂದ 0.16ರಷ್ಟು ಹೆಚ್ಚುಕಡಿಮೆ ಇರಬಹುದು ಎಂದೂ ಪಕ್ಕದಲ್ಲೇ ಬರೆದರು. ಅಂದರೆ ಫಲಿತಾಂಶ 1ಕ್ಕೆ ವಿರುದ್ಧವಾಗಿಲ್ಲ. ಭೂಮಿ ಅಷ್ಟೇ ಬಲದಿಂದ ಮೇಲಕ್ಕೆ ತಳ್ಳುತ್ತದೆ ಎಂಬ ವಾದ ಬಿದ್ದುಹೋಯಿತು. ಆದರೆ ಸೂಕ್ಷ್ಮ ವ್ಯತ್ಯಾಸ ಇದೆಯೋ ಇಲ್ಲವೋ ತಿಳಿಯಲು ಇನ್ನೂ ನಿಖರವಾದ ಅಳತೆ ಬೇಕು. ಆ ಬಾಗಿಲು ತೆರೆದೇ ಇದೆ.

ನಿಮ್ಮ ಲೋಲಕ 9.8ರ ಬದಲು 9.3 ತೋರಿಸಿದರೆ 9.3 ಎಂದೇ ಬರೆಯಿರಿ. ದಾರದ ಉದ್ದ ಸರಿಯಾಗಿ ಅಳೆದೆನೇ, ಆಂದೋಲನ ಎಣಿಸುವಾಗ ತಪ್ಪಿದೆನೇ ಎಂದು ಹುಡುಕಿ, ಅದನ್ನೂ ಬರೆಯಿರಿ. ಒಂದೆರಡು ಅಂಕ ಹೋದೀತು. ಆದರೆ ತಿದ್ದಿದ ಅಂಕಿಯಿಂದ ಯಾರೂ ಏನನ್ನೂ ಕಲಿತಿಲ್ಲ. ನಮ್ಮ ಶಿಕ್ಷಕ ಬಂಧುಗಳೂ ಅಂತಹ ಪ್ರಾಮಾಣಿಕ ಉತ್ತರಕ್ಕೆ ಅಂಕ ಕೊಡುವ ಮನಸ್ಸು ಮಾಡಬೇಕೆಂದು ವಿನಂತಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.