ಮೂರು ವರ್ಷ ಕಾಯಿಸುವ ತರಕಾರಿ



ದೊಡ್ಡ ಅಂಗಡಿಗಳ ತರಕಾರಿ ಸಾಲಿನಲ್ಲಿ, ರಬ್ಬರ್ ಬ್ಯಾಂಡ್ ಹಾಕಿ ನಿಲ್ಲಿಸಿದ ಹಸಿರು ಕಡ್ಡಿಗಳ ಕಟ್ಟನ್ನು ನೀವು ನೋಡಿರುತ್ತೀರಿ. ಬೆಲೆಯ ಚೀಟಿ ಓದಿ, ‘ಇಷ್ಟು ದುಡ್ಡಿಗೆ ವಾರದ ಸೊಪ್ಪು ಬರುತ್ತಿತ್ತಲ್ಲ’ ಅಂದುಕೊಂಡು ಮುಂದೆ ಹೋಗಿರುತ್ತೀರಿ. ಅದೇ ಆಸ್ಪರಾಗಸ್. ಆ ಬೆಲೆಗೆ ಒಂದು ಕಾರಣ ಅದು ಬೆಳೆಯುವ ರೀತಿಯಲ್ಲೇ ಇದೆ.

ಹೆಸರು ಹೊಸದಾದರೂ ಇದು ನಮಗೆ ತೀರಾ ಹೊರಗಿನದಲ್ಲ. ಊರ ಕಡೆ ‘ಹಲವು ಮಕ್ಕಳ ತಾಯಿ ಬೇರು’ ಅನ್ನುತ್ತಾರಲ್ಲ, ಆ ಶತಾವರಿ ಇದೇ ಕುಲದ್ದು. ಶತಾವರಿಯಲ್ಲಿ ಔಷಧಿಗೆ ಬೇಕಾದದ್ದು ಬೇರು. ಆಸ್ಪರಾಗಸ್‌ನಲ್ಲಿ ತಿನ್ನುವುದು ನೆಲದಿಂದ ಆಗತಾನೇ ಎದ್ದ ಎಳೆ ಚಿಗುರನ್ನು, ಮಲೆನಾಡಿನವರು ಬಿದಿರಿನ ಕಳಲೆ ತಿನ್ನುವ ಹಾಗೆ.

ಯುರೋಪಿನ ರೈತರು ಸಾಮಾನ್ಯವಾಗಿ ಒಂದು ವರ್ಷದ ಬೇರಿನ ಬುಡವನ್ನು ನೆಡುತ್ತಾರೆ. ನೆಟ್ಟ ಮೊದಲ ವರ್ಷ ಚಿಗುರು ಬಂದರೂ ಮುಟ್ಟುವುದಿಲ್ಲ. ಎರಡನೆಯ ವರ್ಷ ಕೊಯ್ದರೂ ಸ್ವಲ್ಪವೇ. ಕೈತುಂಬ ಕೊಯ್ಲು ಸಿಗಲು ಮೂರನೆಯ ವರ್ಷ ಬರಬೇಕು. ಆಗಲೂ ವರ್ಷಕ್ಕೆ ಆರರಿಂದ ಎಂಟು ವಾರ ಮಾತ್ರ. ಜರ್ಮನಿಯವರು ಇದಕ್ಕೆ ಮಣ್ಣು ಏರಿಸಿ, ಬಿಸಿಲು ತಾಗದಂತೆ ಬೆಳೆಸಿ ಬಿಳಿಯದನ್ನೇ ಇಷ್ಟಪಡುತ್ತಾರೆ. ಅಲ್ಲಿ ಜೂನ್ 24ಕ್ಕೆ ಕೊಯ್ಲು ನಿಲ್ಲಿಸುವುದು ಹಳೆಯ ಪದ್ಧತಿ.

ಚಿಗುರು ಇನ್ನೂ ಬರುತ್ತಿರುವಾಗ ನಿಲ್ಲಿಸುವುದೇಕೆ? ಬಿಟ್ಟ ಚಿಗುರು ಎದೆಯೆತ್ತರದ, ಗರಿಯಂಥ ಹಸಿರು ಗಿಡವಾಗುತ್ತದೆ. ಅದು ಬಿಸಿಲಲ್ಲಿ ಮಾಡಿದ ಆಹಾರ ಬೇರಿಗೆ ಇಳಿದು, ಮುಂದಿನ ವರ್ಷದ ಚಿಗುರಿಗೆ ಬಂಡವಾಳವಾಗುತ್ತದೆ. ಎಲ್ಲವನ್ನೂ ಕೊಯ್ದರೆ ಕರುವಿಗೆ ಬಿಡದೆ ಹಾಲು ಕರೆದ ಹಾಗೆ. ಹದವರಿತು ಕೊಯ್ದರೆ ಅದೇ ಬುಡ 15 ವರ್ಷ, ಇನ್ನೂ ಹೆಚ್ಚು ಕಾಲ ಕೊಡುತ್ತದೆ.

ಕೊಳ್ಳುವಾಗ ತುದಿ ಬಿಗಿಯಾಗಿ ಮುಚ್ಚಿರುವುದನ್ನು, ಬುಡ ಒಣಗಿರದ್ದನ್ನು ಆರಿಸಿ. ಕೊಯ್ದ ಮೇಲೆ ಸಿಹಿ ಇಳಿಯುತ್ತದೆ, ನಾರು ಬಲಿಯುತ್ತದೆ. ಆದ್ದರಿಂದ ಲೋಟದಲ್ಲಿ ಒಂದಂಗುಲ ನೀರು ಹಾಕಿ, ನಿಲ್ಲಿಸಿ, ಫ್ರಿಜ್ಜಿನಲ್ಲಿಡಿ, ಬೇಗ ಬಳಸಿ. ಬುಡದ ಗಟ್ಟಿ ಭಾಗ ಮುರಿದು ತೆಗೆಯಿರಿ. ಸಾಸಿವೆ ಒಗ್ಗರಣೆಯಲ್ಲಿ ಐದು ನಿಮಿಷ ಬಾಡಿಸಿ ಕಾಯಿತುರಿ ಉದುರಿಸಿದರೆ ಪಲ್ಯ ಸಿದ್ಧ. ತಿಂದ ಮೇಲೆ ಮೂತ್ರಕ್ಕೆ ಬೇರೆ ವಾಸನೆ ಬಂದರೆ ಗಾಬರಿ ಬೇಡ, ಅದು ಈ ತರಕಾರಿಯ ಗುಣ.

ಬಾಲ್ಕನಿಯಲ್ಲಿ ಬೆಳೆಯಬಹುದೇ ಅಂತ ಕೇಳುತ್ತೀರಾ? ಆಳವಾದ ಕುಂಡ ಬೇಕು. ಚಳಿಗಾಲದಲ್ಲಿ ಗಿಡ ಮಲಗಿ ಏಳಬೇಕು. ಮುಂಬಯಿ, ಚೆನ್ನೈಗಳ ಸೆಕೆಯಲ್ಲಿ ಆ ನಿದ್ರೆ ಸಿಗುವುದು ಕಷ್ಟ. ಎಲ್ಲಕ್ಕಿಂತ ಮೊದಲು, ಹನ್ನೊಂದು ತಿಂಗಳ ಕರಾರಿನ ಮೇಲೆ ಮನೆ ಹಿಡಿದಿರುವ ನಮ್ಮಂಥವರು ಮಾಲೀಕರನ್ನೇ ಕೇಳಬೇಕು: ‘ಮೂರು ವರ್ಷ ಇರಬಹುದೇ?’ ಅಂತ. ಅವರು ಹೂಂ ಅನ್ನುವವರೆಗೆ ಕುಂಡದಲ್ಲಿ ಮೆಂತ್ಯ ಬಿತ್ತಿ. ಒಂದು ತಿಂಗಳೊಳಗೆ ಸೊಪ್ಪು ಕೈಗೆ ಬರುತ್ತದೆ.