ಕಾರ್ಖಾನೆ ಕೈ ಬದಲಾದರೆ ಸಂಘದ ಗತಿಯೇನು?

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದಿಂದ ಬಂದಿರುವ ಕಾರ್ಮಿಕ ಬಂಧುಗಳೇ, ಕಬ್ಬು ಬೆಳೆಗಾರರೇ,

ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತುಹೋಗಿತ್ತು. 2020ರಲ್ಲಿ ಅದು 40 ವರ್ಷಗಳ ಗುತ್ತಿಗೆಗೆ ನಿರಾಣಿ ಶುಗರ್ಸ್ ಕೈಸೇರಿತು. ಅದೇ ವರ್ಷ ಕಬ್ಬು ಅರೆಯುವುದು ಮತ್ತೆ ಶುರುವಾಯಿತು. ರೈತರು ಸಂತೋಷಪಟ್ಟರೆ ತಪ್ಪೇನಿಲ್ಲ. ಬೀಗ ಬಿದ್ದ ಕಾರ್ಖಾನೆಯಲ್ಲಿ ಸಂಬಳವೂ ಇಲ್ಲ, ಸಂಘವೂ ಇಲ್ಲ. ಆದರೆ 40 ವರ್ಷವೆಂದರೆ ಒಬ್ಬ ಕಾರ್ಮಿಕನ ಇಡೀ ದುಡಿಮೆಯ ಕಾಲ! ಅಷ್ಟೂ ಕಾಲ ಅವನ ಪರವಾಗಿ ಮಾತನಾಡುವವರು ಯಾರು?

ಸರ್ಕಾರಿ, ಸಹಕಾರಿ ಕಾರ್ಖಾನೆಯಾದರೆ ಸಂಘದವರು ಆಡಳಿತ ಮಂಡಳಿಯ ಬಾಗಿಲು ತಟ್ಟಬಹುದು, ಶಾಸಕರನ್ನು ಹಿಡಿದು ವಿಧಾನಸಭೆಯಲ್ಲಿ ಪ್ರಶ್ನೆ ಕೇಳಿಸಬಹುದು. ಖಾಸಗಿಯವರ ಕೈಗೆ ಹೋದರೆ ಆ ಬಾಗಿಲು ಮುಚ್ಚುತ್ತದೆ. ಸಂಘ ಮುರಿಯಲು ಲಾಠಿಯೂ ಬೇಕಿಲ್ಲ. ಕಾಯಂ ನೌಕರನಿಗೆ ಸ್ವಯಂ ನಿವೃತ್ತಿ ಕೊಟ್ಟು, ಆ ಜಾಗಕ್ಕೆ ಕಂಟ್ರಾಕ್ಟರ್ ಕಡೆಯ ಆಳನ್ನು ತಂದರೆ ಸಾಕು. ಸಂಘದ ಸದಸ್ಯರ ಪಟ್ಟಿ ತಾನಾಗಿ ಕರಗುತ್ತದೆ.

ಕೋರ್ಟು ಕಾಪಾಡುತ್ತದೆಯೇ? 2001ರಲ್ಲಿ ಕೇಂದ್ರ ಸರ್ಕಾರ ಬಾಲ್ಕೋ ಅಲ್ಯೂಮಿನಿಯಂ ಕಂಪನಿಯ ಶೇ. 51 ಷೇರನ್ನು ಸ್ಟರ್ಲೈಟ್‌ಗೆ ಮಾರಿತು. ಕಾರ್ಮಿಕರು 67 ದಿನ ಮುಷ್ಕರ ಹೂಡಿದರು. ಆ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೇನು? ಇದು ಸರ್ಕಾರದ ಆರ್ಥಿಕ ನೀತಿ. ಮಾರುವ ಮುನ್ನ ನಮ್ಮನ್ನು ಕೇಳಬೇಕೆನ್ನುವ ಹಕ್ಕು ಕಾರ್ಮಿಕರಿಗಿಲ್ಲ!

ಕಾನೂನಿನಲ್ಲಿ ಒಂದು ಆಸರೆ ಉಂಟು. ಮಾಲೀಕ ಬದಲಾದರೂ ಸೇವೆ ಮುರಿಯಬಾರದು, ಷರತ್ತು ಹಿಂದಿಗಿಂತ ಕಡಿಮೆಯಾಗಬಾರದು. ಇಲ್ಲವಾದರೆ ಪರಿಹಾರ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯಿದೆಯ ಈ ಮಾತು, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಂಹಿತೆಯಲ್ಲೂ ಉಳಿದಿದೆ. ಆದರೆ ಅದೇ ಸಂಹಿತೆಯ ಪ್ರಕಾರ, ಒಂದಕ್ಕಿಂತ ಹೆಚ್ಚು ಸಂಘಗಳಿದ್ದರೆ, ಹಾಜರಿ ಪುಸ್ತಕದಲ್ಲಿರುವ ಕಾರ್ಮಿಕರಲ್ಲಿ ಶೇ. 51 ಮಂದಿಯ ಬೆಂಬಲವಿದ್ದ ಸಂಘವೇ ಏಕೈಕ ಸಂಧಾನಕಾರ. ಒಡೆದ ಮನೆಗೆ ಅಲ್ಲಿ ಜಾಗ ಕಡಿಮೆ.

ಮಂಡ್ಯದ ಮೈಷುಗರ್ ನೋಡಿ. 1933ರಲ್ಲಿ ಹುಟ್ಟಿದ ಸರ್ಕಾರಿ ಕಾರ್ಖಾನೆಯನ್ನೂ ಖಾಸಗಿಗೆ ಕೊಡಲು ಹೊರಟಿದ್ದರು. ಜಿಲ್ಲೆಯ ಜನ ಬೀದಿಗಿಳಿದರು. 2021ರಲ್ಲಿ ಸರ್ಕಾರ ಹಿಂದೆ ಸರಿಯಿತು. 2022ರಲ್ಲಿ ಗಾಣ ತಿರುಗಿತು. ರೈತನೂ ಕಾರ್ಮಿಕನೂ ಒಂದಾದರೆ ಏನಾಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದ್ದರಿಂದ ಮೂರು ಕೆಲಸ ಮಾಡಿ. ಗುತ್ತಿಗೆ ಕರಾರಿನ ಪ್ರತಿಯನ್ನು, ಅದೂ ಕನ್ನಡದಲ್ಲಿ, ಕೇಳಿ. ಸೇವೆಯ ರಕ್ಷಣೆ ಅದರಲ್ಲಿದೆಯೇ ಎಂದು ಓದಿ. ಕಂಟ್ರಾಕ್ಟ್ ಕಾರ್ಮಿಕನನ್ನು ಹೊರಗಿನವನೆನ್ನದೆ ಸಂಘಕ್ಕೆ ಸೇರಿಸಿ. ಅವನು ನಮ್ಮೂರಿನ ಹುಡುಗನೇ ಅಲ್ಲವೇ?