ಸಹಿ ಹಾಕೋ ಮುಂಚೆ ಸರಿಯಾದ ವಕೀಲರನ್ನ ಹುಡುಕಿ

(ಸಿರುಮುಗೈಯಲ್ಲಿ ನಮ್ಮ ಭಾಷೆಯವರು ಸೇರಿದ್ದ ಕೂಟದಲ್ಲಿ ಆಡಿದ ಮಾತು. ಬರೋಕೆ ಆಗದವರು ಕೇಳಿದ್ದರಿಂದ ಇಲ್ಲಿ ಬರೆದು ಹಾಕ್ತಿದ್ದೀವಿ.)

ಮಗ್ಗದಿಂದ ಎದ್ದು ಬಂದಿರೋ ಅಣ್ಣತಮ್ಮಂದಿರಿಗೆ, ಮನೆಕೆಲಸ ಬಿಟ್ಟು ಬಂದಿರೋ ಅಕ್ಕತಂಗಿಯರಿಗೆ, ಹಿರಿಯರಿಗೆ ಶರಣು.

ನಾವು ವಕೀಲರಲ್ಲ. ಬಿ.ಕಾಂ. ಓದಿ ಬ್ಯಾಂಕ್ ಕೌಂಟರಿನಲ್ಲಿ ಕೂತಿರೋರು. ಆ ಕೌಂಟರಿನಿಂದ ಒಂದು ದೃಶ್ಯ ಮತ್ತೆ ಮತ್ತೆ ನೋಡಿದ್ದೀವಿ. ಕೈಗೆ ಬ್ಯಾಂಡೇಜ್ ಸುತ್ತಿಕೊಂಡಿರೋ ಒಬ್ಬರು ಬರ್ತಾರೆ. ಪಕ್ಕದಲ್ಲಿ ಇನ್ನೊಬ್ಬ ನಿಂತಿರ್ತಾನೆ. ಹಣ ತೆಗೆಯೋ ಚೀಟಿ ಅವನೇ ಬರೀತಾನೆ, ದುಡ್ಡು ಅವನೇ ಎಣಿಸ್ತಾನೆ, ಒಂದು ಕಟ್ಟು ಅವನ ಜೇಬಿಗೇ ಹೋಗುತ್ತೆ. ಯಾರ ಖಾತೆ, ಎಷ್ಟು ಹಣ ಅಂತ ನಾವು ಹೊರಗೆ ಹೇಳೋ ಹಾಗಿಲ್ಲ. ಆದರೆ ನಮ್ಮ ಮನೇಲೇ ಆದದ್ದನ್ನ ಹೇಳಬಹುದಲ್ಲ. ಅದಕ್ಕೇ ಇವತ್ತು ನಿಂತಿದ್ದೀವಿ.

ನಮ್ಮ ದೊಡ್ಡಪ್ಪನ ಮಗ ಚಿಕ್ಕಂದಿನಿಂದ ಇಲ್ಲೇ ರೇಷ್ಮೆ ಸೀರೆ ನೇಯ್ತಿದ್ದವರು. ಕೂಲಿ ಸಾಲದೆ ಪಲ್ಲಡಂ ಕಡೆ ಒಂದು ಪವರ್‌ಲೂಮ್ ಶೆಡ್ಡಿಗೆ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದರು. ಶೆಡ್ಡಿನಲ್ಲಿ ಒಟ್ಟು ಏಳು ಜನ. ಒಂದು ಸಾಯಂಕಾಲ ಬೆಲ್ಟಿಗೆ ಕೈ ಸಿಕ್ಕಿ ಎರಡು ಬೆರಳು ಹೋದವು. ಆಗ ಅಣ್ಣನಿಗೆ 35 ವರ್ಷ. ಮೊದಲಾಳಿ ಆಸ್ಪತ್ರೆ ಖರ್ಚು ಕೊಟ್ಟರು, ಮೇಲೆ 30,000 ಕೊಟ್ಟರು. ಕೊಡೋವಾಗ ಒಂದು ಛಾಪಾ ಕಾಗದಕ್ಕೆ ಸಹಿ ಹಾಕಿಸಿಕೊಂಡರು. "ಇನ್ನು ಮುಂದೆ ಏನೂ ಕೇಳಲ್ಲ" ಅನ್ನೋದು ಅದರ ಸಾರಾಂಶ.

ಅಲ್ಲಿಗೆ ಮುಗೀತು ಅಂತ ನಾವೆಲ್ಲ ಅಂದುಕೊಂಡೆವು. ಮುಗಿದಿರಲಿಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ 17ನೇ ಕಲಂ ಪ್ರಕಾರ, ಪರಿಹಾರದ ಹಕ್ಕು ಬಿಟ್ಟುಕೊಡ್ತೀನಿ ಅಂತ ಬರೆದುಕೊಟ್ಟ ಕಾಗದಕ್ಕೆ ಬೆಲೆನೇ ಇಲ್ಲ. ರಾಜಿ ಮಾಡಿಕೊಂಡರೂ ಅದನ್ನ ಕಾರ್ಮಿಕ ಆಯುಕ್ತರ ಹತ್ತಿರ ನೋಂದಾಯಿಸಬೇಕು. ಇದು ನಮಗೆ ಗೊತ್ತಾಗೋಕೆ ಏಳು ತಿಂಗಳು ಹಿಡೀತು. ಯಾಕಂದರೆ ಮೊದಲು ಹಿಡಿದ ವಕೀಲರಿಗೂ ಇದು ಗೊತ್ತಿರಲಿಲ್ಲ.

ಅವರು ಕೆಟ್ಟವರಲ್ಲ. ಜಮೀನು, ಭಾಗಪತ್ರ, ಚೆಕ್ ಬೌನ್ಸ್ ಕೇಸು ಮಾಡೋರು. ಪರಿಚಯದವರು ಅಂತ ಹೋದೆವು. ತಪ್ಪು ನಮ್ಮದೂ ಇತ್ತು. ಕಣ್ಣು ನೋವಿಗೆ ಹಲ್ಲಿನ ಡಾಕ್ಟರ ಹತ್ತಿರ ಯಾರಾದರೂ ಹೋಗ್ತಾರಾ? ವಕೀಲರ ವಿಷಯದಲ್ಲಿ ಮಾತ್ರ ಕರಿ ಕೋಟು ಹಾಕಿದವರೆಲ್ಲ ಒಂದೇ ಅಂದುಕೊಳ್ತೀವಿ. ನಮ್ಮ ದೇಶದಲ್ಲಿ ವಕೀಲರು ಜಾಹೀರಾತು ಕೊಡೋ ಹಾಗೂ ಇಲ್ಲ. ಹಾಗಾಗಿ ಯಾರು ಯಾವ ಕೇಸು ಮಾಡ್ತಾರೆ ಅಂತ ಬೋರ್ಡು ನೋಡಿ ತಿಳಿಯಲ್ಲ. ಬಾಯಿಬಿಟ್ಟು ಕೇಳಲೇಬೇಕು.

ಇನ್ನೊಂದು ತಪ್ಪು ಆಯ್ತು, ಅದು ಭಾಷೆಯದು. ಅಪಘಾತ ಕಣ್ಣಾರೆ ನೋಡಿದ್ದು ಅತ್ತಿಗೆ, ಪಕ್ಕದ ಮಗ್ಗದಲ್ಲೇ ಇದ್ದವರು. ಅವರು ತಾಳವಾಡಿ ಕಡೆಯವರು, ತಮಿಳು ಅಷ್ಟಕ್ಕಷ್ಟೆ. "ಕೆಲಸ ಮುಗಿಸೋ ಹೊತ್ತಿಗೆ ಕೈ ಸಿಕ್ಕಿಹಾಕಿಕೊಂತು" ಅಂತ ಕನ್ನಡದಲ್ಲಿ ಹೇಳಿದರು. ಮಧ್ಯದಲ್ಲಿ ಯಾರೋ ತಮಿಳಿಗೆ ತಿರುಗಿಸಿದರು. ನೋಟಿಸಿನಲ್ಲಿ ಬಂದದ್ದು "ವೇಲೈ ಮುಡಿಂದ ಪಿರಗು", ಅಂದರೆ ಕೆಲಸ ಮುಗಿದ ಮೇಲೆ. ನೋಡೋಕೆ ಸಣ್ಣ ವ್ಯತ್ಯಾಸ. ಆದರೆ ಕೆಲಸದ ಅವಧಿಯಲ್ಲಿ, ಕೆಲಸದ ಕಾರಣದಿಂದ ಆದ ಗಾಯಕ್ಕೆ ಪರಿಹಾರ ಅನ್ನೋದೇ ಈ ಕಾಯ್ದೆಯ ತಳಪಾಯ. ಕೆಲಸ ಮುಗಿದ ಮೇಲೆ ಅಂದುಬಿಟ್ಟರೆ ಎದುರಿನವರಿಗೆ ನಾವೇ ಬಾಗಿಲು ತೆಗೆದುಕೊಟ್ಟ ಹಾಗೆ. ತಮಿಳು ನಮಗೆಲ್ಲ ಬರುತ್ತೆ, ಸ್ಕೂಲಲ್ಲಿ ಓದಿದ್ದೂ ಅದೇ. ಆದರೆ ನೋವು ಹೇಳೋವಾಗ ಬಾಯಿಗೆ ಬರೋದು ಮನೆಮಾತು.

ಎರಡನೇ ವಕೀಲರು ಸಿಕ್ಕಿದ್ದು ಒಬ್ಬ ಯೂನಿಯನ್ ಹಿರಿಯರಿಂದ. ಅವರು ಮೊದಲ ದಿನ ಫೀಸು ಮಾತಾಡಲಿಲ್ಲ, ನಾಲ್ಕು ಪ್ರಶ್ನೆ ಕೇಳಿದರು. ಶೆಡ್ಡಿನಲ್ಲಿ ಎಷ್ಟು ಜನ? ಕರೆಂಟಿನ ಮಗ್ಗವಾ, ಕೈಮಗ್ಗವಾ? ಇಎಸ್‌ಐ ಕಾರ್ಡ್ ಇದೆಯಾ? ಅಪಘಾತ ಆದ ತಾರೀಕು ಯಾವುದು? ಇವು ಯಾಕೆ ಅಂತ ಆಮೇಲೆ ಅರ್ಥ ಆಯ್ತು.

ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಕಡೆ, ಸಂಬಳ ತಿಂಗಳಿಗೆ 21,000 ಮೀರದವರಿಗೆ ಇಎಸ್‌ಐ ಬರುತ್ತೆ. ಇಎಸ್‌ಐ ಇದ್ದವರು ಅಪಘಾತದ ಪರಿಹಾರ ಅಲ್ಲಿಂದಲೇ ಪಡೀಬೇಕು, ಆಯುಕ್ತರ ಹತ್ತಿರ ಕೇಳೋ ಹಾಗಿಲ್ಲ. ಇಎಸ್‌ಐ ಇಲ್ಲದಿದ್ದರೆ 1923ರ ಕಾಯ್ದೆ. ಕರೆಂಟು ಬಳಸಿ ತಯಾರಿಕೆ ನಡೆಯೋ ಜಾಗ ಆದರೆ ಇಷ್ಟು ಜನ ಇರಬೇಕು ಅಂತ ಅದರಲ್ಲಿ ಲೆಕ್ಕ ಇಲ್ಲ, ಏಳು ಜನದ ಶೆಡ್ಡೂ ಬರುತ್ತೆ. ಮನೇಲಿ ಕೈಮಗ್ಗ ನೇಯೋರಿಗೆ ಈ ದಾರಿ ಕಷ್ಟ. ಅವರು ಕೈಮಗ್ಗ ನೇಕಾರರ ಕ್ಷೇಮ ಮಂಡಳಿಯಲ್ಲಿ ಹೆಸರು ನೋಂದಾಯಿಸಿ, ನವೀಕರಿಸಿ ಇಟ್ಟುಕೊಂಡಿರಬೇಕು. ತಾರೀಕು ಕೇಳಿದ್ದಕ್ಕೂ ಕಾರಣ ಇದೆ. ಅರ್ಜಿಗೆ ಹಳೆ ಕಾಯ್ದೆಯಲ್ಲಿ ಎರಡು ವರ್ಷದ ಗಡುವು. ಜೊತೆಗೆ 2025ರ ನವೆಂಬರ್ 21ರಿಂದ ಹೊಸ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ನಮ್ಮಣ್ಣನದು ಅದಕ್ಕೂ ಹಿಂದಿನ ಅಪಘಾತ. ನಿಮ್ಮದು ಯಾವುದಕ್ಕೆ ಬರುತ್ತೆ ಅಂತ ವಕೀಲರನ್ನ ಮೊದಲೇ ಕೇಳಿ. ಥಟ್ಟನೆ ಉತ್ತರ ಬರದಿದ್ದರೆ ಎದ್ದು ಬನ್ನಿ, ಸಂಕೋಚ ಬೇಡ.

ಈಗ ನಮ್ಮ ಕಸುಬಿನ ಲೆಕ್ಕ. ಒಂದು ಕೈಯ ಎರಡು ಬೆರಳು ಹೋದರೆ ಕಾಯ್ದೆಯ ಪಟ್ಟಿಯಲ್ಲಿ ನೂರಕ್ಕೆ 20ರಷ್ಟು ನಷ್ಟ. ತಿಂಗಳ ಕೂಲಿ 12,000 ಅಂದರೆ ಅದರ ನೂರಕ್ಕೆ 60 ಭಾಗ 7,200. 35 ವರ್ಷಕ್ಕೆ ಗುಣಾಂಕ 197.06. ಗುಣಿಸಿದರೆ 14,18,832. ಅದರಲ್ಲಿ 20 ಭಾಗ 2,83,766. ಕೂಲಿ 8,000 ಅಂತ ಬರೆದರೆ ಇದೇ ಬೆರಳಿಗೆ 1,89,178. ಮೊದಲಾಳಿಯ ನೋಟುಪುಸ್ತಕದಲ್ಲಿ ಇದ್ದದ್ದು 8,000. ನಮ್ಮನ್ನ ಉಳಿಸಿದ್ದು ಅತ್ತಿಗೆಯ ಗೋಡೆ ಕ್ಯಾಲೆಂಡರ್. ಪ್ರತಿ ಶನಿವಾರದ ಕೂಲಿ ಅದರ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಕೆಲವು ವಾರ ಫೋನಿನಲ್ಲಿ ಬಂದ ಹಣ ಪಾಸ್‌ಬುಕ್ಕಿನಲ್ಲೂ ಇತ್ತು, ಎರಡೂ ತಾಳೆ ಆದವು. ದಯವಿಟ್ಟು ಕೂಲಿಯನ್ನ ಖಾತೆಗೆ ಹಾಕಿಸಿಕೊಳ್ಳಿ. ಪಾಸ್‌ಬುಕ್ಕಿನಂಥ ಸಾಕ್ಷಿ ಇನ್ನೊಂದಿಲ್ಲ.

ಕೇಸು ಹಾಕೋಕೆ ಅಪಘಾತ ಆದ ಊರಿಗೇ ಅಲೆಯಬೇಕಿಲ್ಲ, ನಾವು ವಾಸ ಇರೋ ಪ್ರದೇಶದ ಆಯುಕ್ತರ ಮುಂದೆ ಹಾಕಬಹುದು. ಹಾಗಾಗಿ ತಿರುಪ್ಪೂರಿನ ಬದಲು ಕೊಯಮತ್ತೂರಿನಲ್ಲೇ ಹಾಕಿದೆವು. ಒಂದು ತಿಂಗಳೊಳಗೆ ಮಾಲೀಕರು ಪರಿಹಾರ ಕೊಡದಿದ್ದರೆ ನೂರಕ್ಕೆ 12ರ ಬಡ್ಡಿ, ಸರಿಯಾದ ಕಾರಣ ಇಲ್ಲದಿದ್ದರೆ ಮೇಲೆ ಅರ್ಧದವರೆಗೆ ದಂಡ. ಅವರು ಹೈಕೋರ್ಟಿಗೆ ಮೇಲ್ಮನವಿ ಹೋಗಬೇಕಾದರೂ ಹಣ ಮೊದಲು ಕಟ್ಟಬೇಕು. ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆ ಹೇಳುತ್ತೆ. ನಮಗೆ ಒಂದೂವರೆ ವರ್ಷ ಹಿಡೀತು. ಕೊನೆಗೆ 12,000 ಕೂಲಿ ಅಂತಲೇ ಒಪ್ಪಿದರು. ಹಣ ನೇರ ಅಣ್ಣನ ಖಾತೆಗೆ ಬಂತು, ಚೀಟಿ ಅವರೇ ಎಡಗೈಯಲ್ಲಿ ಬರೆದರು.

ಫೀಸಿನ ಮಾತು. "ಬಂದದ್ದರಲ್ಲಿ ಇಷ್ಟು ಪರ್ಸೆಂಟ್" ಅಂತ ಕೇಳಿದರೆ ಒಪ್ಪಬೇಡಿ. ಗೆಲುವಿಗೆ ಕಟ್ಟಿ ಫೀಸು ಮಾತಾಡೋದು, ಪರಿಹಾರದಲ್ಲಿ ಪಾಲು ಕೇಳೋದು ಭಾರತೀಯ ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಒಟ್ಟು ಎಷ್ಟು, ಯಾವಾಗ ಎಷ್ಟು ಅಂತ ಬರೆಸಿಕೊಳ್ಳಿ, ರಸೀದಿ ಕೇಳಿ. ಖಾಲಿ ಕಾಗದಕ್ಕೆ ವಕೀಲರೇ ಕೇಳಿದರೂ ಸಹಿ ಬೇಡ. ಕೈಯಲ್ಲಿ ಕಾಸಿಲ್ಲ ಅಂತ ಸುಮ್ಮನೆ ಕೂರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಕೈಗಾರಿಕಾ ಕಾರ್ಮಿಕರಿಗೆ, ಹೆಂಗಸರಿಗೆ, ಅಂಗವಿಕಲರಿಗೆ ಉಚಿತ ವಕೀಲರ ಹಕ್ಕಿದೆ. 15100ಕ್ಕೆ ಫೋನ್ ಮಾಡಿ. ಆಯುಕ್ತರ ಮುಂದೆ ನೋಂದಾಯಿತ ಯೂನಿಯನ್ನಿನ ಪದಾಧಿಕಾರಿಯೂ ನಮ್ಮ ಪರ ನಿಲ್ಲಬಹುದು.

ಕೆಲವರಿಗೆ ಮಾಲೀಕರ ಜೊತೆ ಜಗಳ ಇರಲ್ಲ, ಸರ್ಕಾರಿ ಕಚೇರಿ ಜೊತೆ ಇರುತ್ತೆ. ಮಂಡಳಿ ಅರ್ಜಿ ತಿರಸ್ಕರಿಸಿತು, ಕಾರಣ ಹೇಳಲಿಲ್ಲ ಅಂತ. ಅದು ಬೇರೆ ಕೆಲಸ, ಆಡಳಿತ ಕಾನೂನು ಗೊತ್ತಿರೋ ವಕೀಲರು ಬೇಕು. ಮೊದಲು ಮಾಹಿತಿ ಹಕ್ಕಿನಲ್ಲಿ ಕಡತದ ನಕಲು ತೆಗೆಸಿ, ಮೇಲಿನ ಅಧಿಕಾರಿಗೆ ಬರೆದು, ಕೊನೆಗೆ ಬೇಕಾದರೆ 226ನೇ ವಿಧಿಯಲ್ಲಿ ಚೆನ್ನೈ ಹೈಕೋರ್ಟಿಗೆ ರಿಟ್ ಹಾಕೋರು. ಕೊಯಮತ್ತೂರು, ತಿರುಪ್ಪೂರು ಎರಡೂ ಮಧುರೈ ಪೀಠಕ್ಕೆ ಬರಲ್ಲ, ಚೆನ್ನೈಗೇ ಹೋಗಬೇಕು. ಆ ಖರ್ಚು ಮೊದಲೇ ಕೇಳಿಕೊಳ್ಳಿ.

ಗಾಯ ಅಂದರೆ ಬೆರಳು ಮಾತ್ರ ಅಲ್ಲ. ಹತ್ತಿ ಧೂಳಿನಿಂದ ಬರೋ ಶ್ವಾಸಕೋಶದ ಕಾಯಿಲೆ, ಮಗ್ಗದ ಸದ್ದಿನಿಂದ ಕಿವಿ ಮಂದ ಆಗೋದು, ರೇಯಾನ್ ತಯಾರಿಕೆಯಲ್ಲಿ ಬಳಸೋ ಕಾರ್ಬನ್ ಡೈಸಲ್ಫೈಡಿನ ಕಾಯಿಲೆ, ಇವೂ ಕಾಯ್ದೆಯ ಪಟ್ಟಿಯಲ್ಲಿವೆ. ವಿಸ್ಕೋಸ್ ಕಾರ್ಖಾನೆ ಇದ್ದ ಊರಿನವರಾದ ನಾವು ಇದನ್ನ ತಿಳಿದಿರಲೇಬೇಕು.

ಕೊನೆಗೆ ಭಾಷೆಗೇ ಬರ್ತೀವಿ. ಸಂವಿಧಾನದ 350ನೇ ವಿಧಿ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲೂ ಅಧಿಕಾರಿಗೆ ಅಹವಾಲು ಕೊಡಬಹುದು. ಸಾಕ್ಷಿಗೆ ಗೊತ್ತಿಲ್ಲದ ಭಾಷೆಯಲ್ಲಿ ಹೇಳಿಕೆ ಬರೆದುಕೊಂಡರೆ, ಅದನ್ನ ಸಾಕ್ಷಿ ಆಡಿದ ಭಾಷೆಯಲ್ಲೇ ತಿಳಿಸಬೇಕು ಅಂತ ಸಿವಿಲ್ ಕೋರ್ಟಿನ ವಿಧಾನದಲ್ಲೂ ಇದೆ. ನಮ್ಮ ಎರಡನೇ ವಕೀಲರಿಗೆ ಕನ್ನಡ ಬರ್ತಿರಲಿಲ್ಲ. ಆದರೆ ಅತ್ತಿಗೆ ಹೇಳಿದ ಒಂದೊಂದು ಮಾತನ್ನೂ ಬರೆದು, ನಮ್ಮಿಂದ ಕನ್ನಡದಲ್ಲಿ ಓದಿಸಿ, "ಸರಿ ಇದೆಯಾಮ್ಮಾ?" ಅಂತ ಕೇಳಿದರು. ಅತ್ತಿಗೆ "ಮುಗಿದ ಮೇಲೆ ಅಲ್ಲ ಸಾರ್, ಮುಗಿಸೋ ಹೊತ್ತಿಗೆ" ಅಂದರು. ಅವರು ಹೊಡೆದು ತಿದ್ದಿದರು. ಅನುಭವಿ ವಕೀಲರು ಅಂದರೆ ಹಾಗಿರಬೇಕು.

ಕಾಗದ ಓದಿಸಿಕೊಳ್ಳೋಕೆ ಯಾರೂ ಇಲ್ಲ ಅನ್ನಬೇಡಿ, ನಾವಿದ್ದೀವಿ. ಭಾನುವಾರ ಬೆಳಿಗ್ಗೆ ಬನ್ನಿ, ಕೂತು ಓದಿ ಹೇಳ್ತೀವಿ. ಸಹಿ ಹಾಕೋ ಮುಂಚೆ ಬನ್ನಿ. ಹಾಕಿಬಿಟ್ಟಿದ್ದರೂ ಬನ್ನಿ.